ಕಣ್ಣಿಗೆ ಸುಣ್ಣ ಬಿದ್ದರೆ ಬಸ್ಸಿಗಿಂತ ಮೊದಲು ನೀರು

ನಮ್ಮ ತಾಳವಾಡಿ ಕಡೆ ಎಲೆ ಅಡಿಕೆ ಹಾಕುವ ಅಜ್ಜ ಅಜ್ಜಿ ಇರುವ ಮನೆಯಲ್ಲಿ ಸುಣ್ಣದ ಡಬ್ಬಿಯೋ ಪ್ಯಾಕೆಟ್ಟೋ ಇದ್ದೇ ಇರುತ್ತದೆ. ಮಕ್ಕಳಿಗೆ ಅದು ಆಟದ ಸಾಮಾನು. ಹಿಚುಕಿದರೆ ಪಟ್ಟನೆ ಒಡೆದು ಸುಣ್ಣ ಕಣ್ಣಿಗೇ ಹಾರುತ್ತದೆ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಐದನೆಯ ತರಗತಿಯ ಹುಡುಗನೊಬ್ಬನಿಗೆ ಊಟದ ಬಿಡುವಿನಲ್ಲಿ ಹೀಗೆಯೇ ಆಯಿತು. ಎರಡು ಬೊಗಸೆ ನೀರು ಎರಚಿ, ಒದ್ದೆ ಕರವಸ್ತ್ರ ಕಟ್ಟಿ, ಅವನನ್ನು ಕರೆದುಕೊಂಡು ಸತ್ಯಮಂಗಲದ ಬಸ್ಸು ಹತ್ತಿದೆ. ದಿಂಬಂ ಘಾಟಿಯ 27 ತಿರುವು ಇಳಿದು ಆಸ್ಪತ್ರೆ ಮುಟ್ಟಿದಾಗ ವೈದ್ಯರು ಮೊದಲು ಕೇಳಿದ್ದು, ಎಷ್ಟು ಹೊತ್ತು ತೊಳೆದಿರಿ ಎಂದು. ನನಗೆ ಬಾಯಿ ಬರಲಿಲ್ಲ. ಹುಡುಗನ ಕಣ್ಣಿನಲ್ಲಿ ಬಿಳಿ ಕಲೆ ಉಳಿಯಿತು. ಶಾಲೆಯ ತೊಟ್ಟಿಯಲ್ಲಿ ಅಂದು ನೀರು ತುಂಬಿತ್ತು.

ಆಮ್ಲ ಬಿದ್ದರೆ ಕಣ್ಣಿನ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ ಬಹುಮಟ್ಟಿಗೆ ಅದೇ ತಡೆಯಾಗುತ್ತದೆ. ಸುಣ್ಣ ಕ್ಷಾರ. ಅದು ಕೊಬ್ಬನ್ನು ಸಾಬೂನಿನಂತೆ ಕರಗಿಸುತ್ತಾ ಒಳಕ್ಕೆ ಇಳಿಯುತ್ತದೆ. ರೆಪ್ಪೆಯಡಿ ಒಂದು ಚೂರು ಉಳಿದರೂ ಸುಡುತ್ತಲೇ ಇರುತ್ತದೆ.

ಆದ್ದರಿಂದ ನಿಂತ ಜಾಗದಲ್ಲೇ ತೊಳೆಯಬೇಕು. ನಲ್ಲಿ ನೀರು, ಕೊಡದ ನೀರು, ಕೈಗೆ ಸಿಕ್ಕ ಶುದ್ಧ ನೀರು ಸಾಕು. ಕಾಯಿಸಿ ಆರಿಸುತ್ತಾ ಕೂರಬೇಡಿ. ಸುಣ್ಣ ಬಿದ್ದ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ, ಚೆಂಬಿನಿಂದ ನಿಧಾನವಾಗಿ ಸುರಿಯುತ್ತಲೇ ಇರಿ. ಮಗು ಅರಚುತ್ತದೆ, ಒಬ್ಬರು ಹಿಡಿದುಕೊಳ್ಳಬೇಕು. ಕಡಿಮೆಯೆಂದರೆ ಅರ್ಧ ಗಂಟೆ, ಶಾಲೆಯ ಲೆಕ್ಕದಲ್ಲಿ ಒಂದು ಪಿರಿಯಡ್. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಉಜ್ಜಲು ಬಿಡಬೇಡಿ. ತುಪ್ಪ, ಎದೆಹಾಲು, ಹರಳೆಣ್ಣೆ ಬೇಡವೇ ಬೇಡ.

ಒಂದು ಮಾತು ವಿಜ್ಞಾನದ ಮೇಷ್ಟ್ರಾಗಿಯೂ ಹೇಳಬೇಕು. ಆಮ್ಲ ಕ್ಷಾರ ಸೇರಿದರೆ ತಟಸ್ಥವಾಗುತ್ತದೆ ಎಂದು ನಾವೇ ಕಲಿಸಿದ್ದೇವೆ. ಜಾಣ ಹುಡುಗನೊಬ್ಬ ನಿಂಬೆರಸ ಹಿಂಡೋಣ ಎಂದಾನು! ಅದು ಗಾಜಿನ ಕೊಳವೆಯ ಪಾಠ. ಕಣ್ಣಿನಲ್ಲಿ ಮಾಡಿದರೆ ಗಾಯದ ಮೇಲೆ ಗಾಯ.

ತೊಳೆದ ಮೇಲೆ ಉರಿ ಇಳಿದರೂ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ, ಒಡೆದ ಪ್ಯಾಕೆಟ್ಟನ್ನೂ ಒಯ್ಯಿರಿ. ತಮಿಳು ಬಾರದ ತಾಯಂದಿರು ಇಷ್ಟು ನೆನಪಿಟ್ಟುಕೊಳ್ಳಿ: ‘ಕಣ್ಣುಲ ಸುಣ್ಣಾಂಬು ವಿಳುಂದಿರುಚ್ಚು.’ ಸುಣ್ಣ ಎಂದರೂ ಅವರಿಗೆ ಅರ್ಥವಾದೀತು, ಆದರೆ ಆ ಗಾಬರಿಯಲ್ಲಿ ಒಂದು ನಿಮಿಷ ಉಳಿದರೂ ಲಾಭವೇ. ಅಲ್ಲಿ ರೆಪ್ಪೆ ಮಡಚಿ ಚೂರು ತೆಗೆದು, ಸಲೈನಿನಿಂದ ಮತ್ತೆ ತೊಳೆದು, ಲಿಟ್ಮಸ್‌ನಂಥ ಕಾಗದ ಮುಟ್ಟಿಸಿ ಪಿಎಚ್ 7ರ ಆಸುಪಾಸಿಗೆ ಬಂತೇ ಎಂದು ನೋಡುತ್ತಾರೆ. ಬರುವ ತನಕ ತೊಳೆಯುತ್ತಾರೆ.