ಗಣೇಶಖಿಂಡ: ಗವರ್ನರನ ಮನೆ, ಸಾವಿತ್ರಿಬಾಯಿಯ ಅಂಗಳ

ಧಾರವಾಡದ ಕಲೆಕ್ಟರು ಸರ್ಕಾರಕ್ಕೆ ಬರೆದ ಕಾಗದ ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂತೆಂದರೆ ಎಲ್ಲಿಗೆ ಹೋಗುತ್ತಿತ್ತು? ಪುಣೆಗೆ. ಮುಂಬಯಿಯಲ್ಲಿ ಮಳೆ ಹಿಡಿಯುತ್ತಲೇ ಪ್ರಾಂತದ ಗವರ್ನರ್ ತನ್ನ ಪರಿವಾರ, ಕಾರ್ಯದರ್ಶಿಗಳು, ಕಡತಗಳ ಸಮೇತ ಘಟ್ಟ ಹತ್ತಿ ಬರುತ್ತಿದ್ದ. ಬೇಸಿಗೆಗೆ ಮಹಾಬಳೇಶ್ವರ, ಚಳಿಗಾಲಕ್ಕೆ ಮುಂಬಯಿ, ಮಳೆಗಾಲಕ್ಕೆ ಪುಣೆ. ಇದು ವರ್ಷವರ್ಷದ ಪದ್ಧತಿ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಹಾಗಾಗಿ ವರ್ಷದಲ್ಲಿ ಕೆಲವು ತಿಂಗಳು ಇಂದಿನ ಉತ್ತರ ಕರ್ನಾಟಕದ ದೊಡ್ಡ ಭಾಗದ ಆಳ್ವಿಕೆ ನಡೆದದ್ದು ಪುಣೆಯ ಖಡಕಿಯ ಮಗ್ಗುಲಲ್ಲಿರುವ ಗಣೇಶಖಿಂಡದ ಒಂದು ಕಲ್ಲುಮನೆಯಿಂದ.

ಆ ಮನೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಅದೇ. ದಖ್ಖನ್ನಿನ ಕರಿಕಲ್ಲಿನ ಗೋಡೆ, ಸಾಲು ಕಮಾನಿನ ಪಡಸಾಲೆ, ನೆತ್ತಿಯ ಮೇಲೆ ಬಾವುಟ ಹಾರಿಸಲೆಂದೇ ಎಬ್ಬಿಸಿದಂಥ ಚೌಕ ಗೋಪುರ, ಮುಂದೆ ಅಗಲವಾದ ಹುಲ್ಲುಹಾಸು. ಸುತ್ತ 411 ಎಕರೆ ಆವರಣ. ಆಲ, ಮಾವು, ಮಳೆಮರಗಳ ನೆರಳಿನಲ್ಲಿ ಬೆಳಿಗ್ಗೆ ನಡೆಯುವವರು, ಮಧ್ಯಾಹ್ನ ಪುಸ್ತಕ ಹರಡಿಕೊಂಡು ಕೂತವರು, ಸಂಜೆ ಸ್ಪರ್ಧಾ ಪರೀಕ್ಷೆಯ ಚರ್ಚೆಯಲ್ಲಿ ಮುಳುಗಿದವರು. ಖಡಕಿ, ದಾಪೋಡಿ, ಔಂಧ್‌ಗಳಲ್ಲಿ ಸಣ್ಣ ಮನೆಗಳಲ್ಲಿ ಇರುವವರಿಗೆ ಇಷ್ಟು ದೊಡ್ಡ ಬಯಲು ಹತ್ತಿರದಲ್ಲಿ ಇನ್ನೊಂದಿಲ್ಲ.

ನಡುವೆ ದೊಡ್ಡ ಮನೆ, ಸುತ್ತ ಮೈಲುಗಟ್ಟಲೆ ಉದ್ಯಾನ, ಅದರಾಚೆ ಆವರಣದ ಗೋಡೆ, ಗೋಡೆಯಾಚೆ ಪ್ರಜೆಗಳು. ಈ ನಕ್ಷೆ ಹಳೆಯದು. ಐರ್ಲೆಂಡಿನ ಹಳ್ಳಿಗಾಡಿನ ತುಂಬ ಇಂಗ್ಲಿಷ್ ಮೂಲದ ಜಮೀನುದಾರರು ಇಂಥ ಮನೆಗಳನ್ನು ಕಟ್ಟಿಕೊಂಡಿದ್ದರು. ಕಾಲ ಬದಲಾದಾಗ ಕೆಲವು ಸುಟ್ಟವು, ಕೆಲವು ಕುಸಿದವು, ಕೆಲವು ಜನರ ಕೈಗೆ ಬಂದವು. ಕಿಲಾರ್ನಿಯ ಸರೋವರದ ದಂಡೆಯಲ್ಲಿ 1843ರಲ್ಲಿ ಮುಗಿದ ಮಕ್ರಾಸ್ ಹೌಸ್‌ನ ಕೊನೆಯ ಒಡೆಯರು 1932ರಲ್ಲಿ ಮನೆಯನ್ನೂ ಅದರ ಸಾವಿರಾರು ಎಕರೆ ಕಾಡನ್ನೂ ದೇಶಕ್ಕೆ ಬರೆದುಕೊಟ್ಟರು. ಐರ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹಾಗೆ. ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನೊಳಗೆ ಬ್ರಿಟಿಷ್ ಪ್ರತಿನಿಧಿ ಇರುತ್ತಿದ್ದ ವೈಸ್‌ರೀಗಲ್ ಲಾಡ್ಜ್ 1938ರಿಂದ ಐರಿಷ್ ರಾಷ್ಟ್ರಪತಿಯ ನಿವಾಸ. ಗಣೇಶಖಿಂಡ ಇದೇ ಅಚ್ಚಿನದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಡಬ್ಲಿನ್‌ನಲ್ಲಿ ಆಳುವವನ ಮನೆ ಆಳುವವರಿಗೇ ಉಳಿಯಿತು, ಪುಣೆಯಲ್ಲಿ ಓದುವ ಮಕ್ಕಳಿಗೆ ಸಿಕ್ಕಿತು.

ಮನೆಗಿಂತ ಮೊದಲು ಅಲ್ಲಿದ್ದದ್ದು ರಣಭೂಮಿ. 1817ರ ನವೆಂಬರ್ 5ರಂದು ಗಣೇಶಖಿಂಡದ ಗುಡ್ಡಗಳಿಂದ ಮುಳಾ ನದಿಯ ಕಡೆಗೆ ಎರಡನೇ ಬಾಜೀರಾಯ ಪೇಶ್ವೆಯ ಸೈನ್ಯ ಹರಡಿ ನಿಂತಿತ್ತು. ಎದುರಿಗೆ ಖಡಕಿಯ ಬಳಿ ಕರ್ನಲ್ ಬರ್ ಕೈಕೆಳಗಿನ ಈಸ್ಟ್ ಇಂಡಿಯಾ ಕಂಪನಿಯ ಪಡೆ. ಮೂರು ಸಾವಿರಕ್ಕಿಂತ ಕಡಿಮೆ ಜನ. ಪೇಶ್ವೆ ಪರ್ವತಿ ಗುಡ್ಡದ ಮೇಲಿಂದ ನೋಡುತ್ತಿದ್ದ. ಸೇನಾಪತಿ ಬಾಪು ಗೋಖಲೆಯ ಸವಾರರು ಬಿರುಗಾಳಿಯ ವೇಗದಲ್ಲಿ ನುಗ್ಗಿದರು. ಮಧ್ಯೆ ಜೌಗು ನೆಲವಿದ್ದದ್ದು ಅವರಿಗೆ ತಿಳಿದಿರಲಿಲ್ಲ. ಕುದುರೆಗಳು ಕೆಸರಿನಲ್ಲಿ ಹೂತವು, ಎದುರಿನಿಂದ ಗುಂಡಿನ ಸುರಿಮಳೆಯಾಯಿತು, ಸಂಜೆಯೊಳಗೆ ಪೇಶ್ವೆಯ ಕಡೆ ಹಿಂದೆ ಸರಿಯಿತು. ಹನ್ನೆರಡು ದಿನಗಳಲ್ಲಿ ಶನಿವಾರವಾಡೆಯ ಮೇಲೆ ಕಂಪನಿಯ ಬಾವುಟ ಏರಿತು. ಮರಾಠಾ ಸಾಮ್ರಾಜ್ಯದ ಕೊನೆ ಈ ಕೆಸರಿನಲ್ಲಿ ಶುರುವಾಯಿತು ಎನ್ನಬಹುದು.

ಬಾಪು ಗೋಖಲೆ ಕನ್ನಡ ನಾಡಿಗೆ ಹೊಸಬನಲ್ಲ. ಚನ್ನಗಿರಿಯ ಬಂಡುಕೋರ ಧೋಂಡಿಯಾ ವಾಘ 1800ರಲ್ಲಿ ಧಾರವಾಡ ಸೀಮೆಯಲ್ಲಿ ಬಾಪುವಿನ ಚಿಕ್ಕಪ್ಪ ಧೋಂಡೋಪಂತ ಗೋಖಲೆಯನ್ನು ಕೊಂದಿದ್ದ. ಅದೇ ವರ್ಷ ಧೋಂಡಿಯಾನನ್ನು ಬೆನ್ನಟ್ಟಿ ಮುಗಿಸಿದ ಕಂಪನಿ ಸೈನ್ಯದ ಜೊತೆಗೆ ಬಾಪುವೂ ಇದ್ದ. ಆ ಸೈನ್ಯದ ನಾಯಕ ಆರ್ಥರ್ ವೆಲ್ಲೆಸ್ಲಿ, ಡಬ್ಲಿನ್‌ನಲ್ಲಿ ಹುಟ್ಟಿದವನು. ಹದಿನೇಳು ವರ್ಷಗಳ ಕೆಳಗೆ ಯಾರ ಜೊತೆ ನಿಂತು ಕಾದಿದ್ದನೋ ಅವರೆದುರೇ ಬಾಪು ಖಡಕಿಯಲ್ಲಿ ಸೋಲುಣ್ಣಬೇಕಾಯಿತು.

ಖಡಕಿಯಿಂದ ಹೊಳೆ ದಾಟಿದರೆ ದಾಪೋಡಿ. ಇಂದು ಅದು ವರ್ಕ್‌ಶಾಪುಗಳ, ಸೇನಾ ಎಂಜಿನಿಯರಿಂಗ್ ಕಾಲೇಜಿನ, ಒತ್ತೊತ್ತಾದ ವಸತಿಗಳ ಊರು. ಆಗ ಅಲ್ಲಿ ಕ್ಯಾಪ್ಟನ್ ಫೋರ್ಡ್ ಎಂಬಾತ ಬಂಗಲೆ ಕಟ್ಟಿಕೊಂಡಿದ್ದ. ಪೇಶ್ವೆಯ ಸಂಬಳದಲ್ಲಿದ್ದ ಪಡೆಯ ಅಧಿಕಾರಿ ಆತ. ಯುದ್ಧದ ದಿನ ಅದೇ ಪಡೆಯನ್ನು ನಡೆಸಿಕೊಂಡು ಬಂದು ಕಂಪನಿಯ ಸಾಲಿಗೆ ಸೇರಿದ. ಮುಂದೆ ಗವರ್ನರ್ ಜಾನ್ ಮಾಲ್ಕಂ ಆ ಬಂಗಲೆಯನ್ನು ಸರ್ಕಾರಕ್ಕೆ ಕೊಂಡುಕೊಂಡ. 1828ರಲ್ಲಿ ಪಕ್ಕದಲ್ಲಿ ಸಸ್ಯೋದ್ಯಾನ ಎದ್ದಿತು. ಗವರ್ನರನ ಮಳೆಗಾಲದ ಮೊದಲ ಮನೆ ದಾಪೋಡಿಯದೇ.

ದಾಪೋಡಿಯ ತೋಟದ ಕಥೆಯನ್ನು ಇನ್ನಷ್ಟು ಜನ ತಿಳಿಯಬೇಕು. 1838ರಿಂದ ಅದನ್ನು ನೋಡಿಕೊಂಡವನು ಅಲೆಕ್ಸಾಂಡರ್ ಗಿಬ್ಸನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಔಷಧಿ ಗಿಡ ಬೆಳೆಸಿ ಸೈನ್ಯಕ್ಕೆ ಒದಗಿಸುವುದು, ಹೊಸ ಬೆಳೆಗಳನ್ನು ಈ ಹವೆಗೆ ಒಗ್ಗಿಸಿ ನೋಡುವುದು ಆತನ ಕೆಲಸ. ಹಡಗಿಗೂ ರೈಲಿಗೂ ಮರ ಕಡಿಯುವ ಹುಚ್ಚು ಏರುತ್ತಿದ್ದ ಕಾಲದಲ್ಲಿ, ಕಾಡು ಹೋದರೆ ಹಳ್ಳದ ನೀರೂ ಹೋಗುತ್ತದೆ ಎಂದು ಸರ್ಕಾರಕ್ಕೆ ಬಿಡದೆ ಹೇಳಿದ ಮೊದಲಿಗರಲ್ಲಿ ಆತ ಒಬ್ಬ. 1847ರಲ್ಲಿ ಮುಂಬಯಿ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ. ಆ ಹೊತ್ತಿಗೇ ತೋಟದ ಗಿಡಗಳ ಚಿತ್ರ ಬರೆಯಲು ಒಬ್ಬ ಕಲಾವಿದನನ್ನು ಇಟ್ಟುಕೊಂಡ. ಪೋರ್ಚುಗೀಸ್ ಮೂಲದ ಭಾರತೀಯ ಎನ್ನುವುದಷ್ಟೇ ದಾಖಲೆಯಲ್ಲಿದೆ, ಹೆಸರಿಲ್ಲ. ಎಲೆಯ ನರ, ಹೂವಿನ ಒಳಭಾಗ, ಕಾಯಿಯ ಸೀಳುನೋಟ ಎಲ್ಲವನ್ನೂ ತಿದ್ದಿ ತೀಡಿ ಮೂಡಿಸಿದ ಸುಮಾರು 170 ಚಿತ್ರಗಳು ಇಂದು ಸ್ಕಾಟ್ಲೆಂಡಿನ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಅಲ್ಲಿನ ಸಸ್ಯಶಾಸ್ತ್ರಜ್ಞ ಹೆನ್ರಿ ನೋಲ್ಟಿ 2002ರಲ್ಲಿ ಅವುಗಳ ಮೇಲೆ ಒಂದು ಪುಸ್ತಕವನ್ನೇ ತಂದರು. ದಾಪೋಡಿಯ ಮಣ್ಣಿನಲ್ಲಿ ಅರಳಿದ ಹೂವುಗಳನ್ನು ನೋಡಲು ದಾಪೋಡಿಯವರು ಸಾವಿರಾರು ಮೈಲು ಹೋಗಬೇಕಾಗಿದೆ.

1860ರ ದಶಕ ಬಂತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಅವರ ಕಣ್ಣು ಮುಂಬಯಿ ಪ್ರಾಂತದ ಹತ್ತಿಯ ಮೇಲೆ ಬಿತ್ತು. ಧಾರವಾಡ ಸೀಮೆಯ ಎರೆನೆಲದ ಹತ್ತಿಗೆ ಎಂದೂ ಕಾಣದ ಬೆಲೆ. ಆ ಹತ್ತಿಯನ್ನು ಹಡಗಿಗೆ ಏರಿಸಲು ಹತ್ತಿರದ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಈ ಲೆಕ್ಕಾಚಾರವಿತ್ತು. ಮುಂಬಯಿಯಲ್ಲಿ ಹಣ ಹೊಳೆಯಾಗಿ ಹರಿದ ಆ ದಿನಗಳಲ್ಲೇ ಗವರ್ನರ್ ಬಾರ್ಟಲ್ ಫ್ರಿಯರ್ ದಾಪೋಡಿಯ ಹಳೆ ಬಂಗಲೆ ಸಾಲದೆಂದು ಗಣೇಶಖಿಂಡದಲ್ಲಿ ಹೊಸ ಮನೆಗೆ ಕೈಹಾಕಿದ. 1864ರಲ್ಲಿ ಕೆಲಸ ಆರಂಭವಾಯಿತು. ಜೇಮ್ಸ್ ಟ್ರಬ್‌ಷಾ ಇಟಲಿಯ ಶೈಲಿಯಲ್ಲಿ ವಿನ್ಯಾಸ ಮಾಡಿದ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಹೌಸ್ ಕಂಡವರಿಗೆ ಇಲ್ಲಿನ ಗೋಪುರ ನೋಡಿದ ಕೂಡಲೇ ಅದರ ನೆನಪಾಗುತ್ತದೆ. ಮರುವರ್ಷ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯ ಬ್ಯಾಂಕುಗಳು ಮುಳುಗಿದವು, ಧಾರವಾಡದ ರೈತನ ಕೈ ಬರಿದಾಯಿತು. ಗಣೇಶಖಿಂಡದ ಗೋಡೆಗಳು ಮಾತ್ರ ಏರುತ್ತಲೇ ಹೋದವು. ಖರ್ಚು ಅತಿಯಾಯಿತೆಂದು ಟೀಕೆ ಬಂದರೂ ಕೆಲಸ ನಿಲ್ಲಲಿಲ್ಲ, 1871ರಲ್ಲಿ ಪೂರ್ತಿಯಾಯಿತು.

ಮನೆಯ ಹಿಂದೆಯೇ ತೋಟವೂ ಬಂತು. 1873ರಲ್ಲಿ ರೂಪುಗೊಂಡ ಗಣೇಶಖಿಂಡ ಸಸ್ಯೋದ್ಯಾನದ ಮೇಲ್ವಿಚಾರಕ ಮಾರ್ಷಲ್ ವುಡ್ರೋ ಭಾರತದ ತೋಟಗಾರಿಕೆಯ ಬಗ್ಗೆ ಬರೆದ ಪುಸ್ತಕ ಬಹಳ ಕಾಲ ಬಳಕೆಯಲ್ಲಿತ್ತು.

ಇಲ್ಲಿ ನಿಜವಾದ ಐರಿಷ್ ನಂಟು ಒಬ್ಬ ಮೇಷ್ಟ್ರದು. ಥಿಯೊಡೋರ್ ಕುಕ್ ಐರ್ಲೆಂಡಿನ ವಾಟರ್‌ಫರ್ಡ್ ಜಿಲ್ಲೆಯ ಟ್ರಾಮೋರ್‌ನವರು, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದವರು. ರೈಲ್ವೆ ಎಂಜಿನಿಯರಾಗಿ ಬಂದು 1865ರಿಂದ ಸುಮಾರು ಮೂರು ದಶಕ ಪುಣೆಯ ಎಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಆ ಕಾಲೇಜಿಗೆ ಆಗ ಕಾಲೇಜ್ ಆಫ್ ಸೈನ್ಸ್ ಎಂಬ ಹೆಸರಿತ್ತು. ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಅಲ್ಲಿಗೆ ಹೋಗಿ 1883ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದ ಹುಡುಗ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಕುಕ್ ಅವರ ಕಣ್ಣೆದುರು ಕಲಿತ ಅವರು ಮುಂದೆ ಪುಣೆಗೆ ನೀರುಣಿಸುವ ಖಡಕವಾಸಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಕೂರಿಸಿದರು. ಕುಕ್ ನಿವೃತ್ತರಾದ ಮೇಲೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೂತು ಮುಂಬಯಿ ಪ್ರಾಂತದ ಸಸ್ಯಸಂಪತ್ತಿನ ಮಹಾಗ್ರಂಥ ಬರೆದರು. 1901ರಿಂದ 1908ರವರೆಗೆ ಅದು ಕಂತುಕಂತಾಗಿ ಅಚ್ಚಾಯಿತು. ಬೆಳಗಾವಿ, ಧಾರವಾಡ, ಉತ್ತರ ಕನ್ನಡದ ಕಾಡುಮೇಡುಗಳ ಗಿಡಗಳೆಲ್ಲ ಅದರಲ್ಲಿವೆ. ಪಶ್ಚಿಮಘಟ್ಟದ ಗಿಡ ಗುರುತಿಸುವವರು ಈಗಲೂ ಅದನ್ನು ತೆರೆಯುತ್ತಾರೆ.

1897. ಗಣೇಶಖಿಂಡದ ಇತಿಹಾಸದಲ್ಲಿ ಅತಿ ಭಾರವಾದ ವರ್ಷ. ಪ್ರಾಂತದಲ್ಲಿ ಬರಗಾಲ, ಪುಣೆಯಲ್ಲಿ ಪ್ಲೇಗು. ರೋಗಿಗಳನ್ನು ಹುಡುಕುವ ನೆಪದಲ್ಲಿ ಗೋರಾ ಸೈನಿಕರು ಅಡುಗೆಮನೆ, ದೇವರಮನೆ ಎನ್ನದೆ ನುಗ್ಗಿದರು. ಆ ಕಾರ್ಯಾಚರಣೆಯ ಮುಖ್ಯಸ್ಥ ರಾಂಡ್. ಅದೇ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ, ವೈದ್ಯನಾಗಿದ್ದ ಮಗ ಯಶವಂತನ ಜೊತೆಗೂಡಿ ಊರ ಹೊರಗೆ ಪ್ಲೇಗು ರೋಗಿಗಳ ಆರೈಕೆಗೆ ನಿಂತಿದ್ದರು. ಮುಟ್ಟಲು ಜನ ಹೆದರುತ್ತಿದ್ದ ಹುಡುಗನೊಬ್ಬನನ್ನು ತಾವೇ ಹೊತ್ತು ತಂದರು. ಸೋಂಕು ತಗಲಿತು. ಮಾರ್ಚ್ 10ರಂದು ತೀರಿಕೊಂಡರು.

ಮೂರು ತಿಂಗಳು ಕಳೆದು ಜೂನ್ 22ರ ರಾತ್ರಿ ಗಣೇಶಖಿಂಡದ ಮನೆ ದೀಪಗಳಿಂದ ಜಗಮಗಿಸುತ್ತಿತ್ತು. ವಿಕ್ಟೋರಿಯಾ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ಸಂಭ್ರಮಕ್ಕೆ ಔತಣ, ಬಾಣಬಿರುಸು. ಔತಣ ಮುಗಿಸಿ ಕುದುರೆಗಾಡಿಯಲ್ಲಿ ಹೊರಟ ರಾಂಡ್‌ನ ಮೇಲೆ ದಾಮೋದರ ಚಾಪೇಕರ್ ಗುಂಡು ಹಾರಿಸಿದ. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್ ಕೂಡ ಗುಂಡೇಟಿಗೆ ಸಿಕ್ಕಿ ಸ್ಥಳದಲ್ಲೇ ಸತ್ತ. ರಾಂಡ್ ಜುಲೈ 3ರಂದು ಆಸ್ಪತ್ರೆಯಲ್ಲಿ ಸತ್ತ. ದಾಮೋದರ, ಬಾಲಕೃಷ್ಣ, ವಾಸುದೇವ ಮೂವರು ಚಾಪೇಕರ್ ಸಹೋದರರೂ ಗಲ್ಲಿಗೇರಿದರು. ಇದಕ್ಕೆ ಹದಿನೈದು ವರ್ಷ ಮೊದಲು, 1882ರ ಮೇ 6ರಂದು, ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನಲ್ಲಿ ವೈಸ್‌ರೀಗಲ್ ಲಾಡ್ಜ್‌ನ ಸಮೀಪವೇ ಐರಿಷ್ ಕ್ರಾಂತಿಕಾರಿಗಳು ಇಬ್ಬರು ಹಿರಿಯ ಬ್ರಿಟಿಷ್ ಅಧಿಕಾರಿಗಳನ್ನು ಇರಿದು ಕೊಂದಿದ್ದರು. ಉದ್ಯಾನ ಎಷ್ಟೇ ವಿಶಾಲವಾಗಿರಲಿ, ಗೋಡೆಯಾಚೆಯ ಬೇಗೆ ಒಳಗಿನವರನ್ನು ಮುಟ್ಟದೆ ಬಿಡಲಿಲ್ಲ.

ಸ್ವಾತಂತ್ರ್ಯ ಬಂದಾಗ ಬಿ. ಜಿ. ಖೇರ್ ಅವರ ಮುಂಬಯಿ ಸರ್ಕಾರ ಈ ಮನೆಯ ವಿಚಾರದಲ್ಲಿ ದೊಡ್ಡ ಮನಸ್ಸು ಮಾಡಿತು. 1949ರ ಫೆಬ್ರವರಿ 10ರಂದು ಪುಣೆ ವಿಶ್ವವಿದ್ಯಾಲಯ ಹುಟ್ಟಿತು, ಎಂ. ಆರ್. ಜಯಕರ್ ಮೊದಲ ಕುಲಪತಿಗಳಾದರು, ಗವರ್ನರನ ಮನೆ ವಿಶ್ವವಿದ್ಯಾಲಯದ ಮನೆಯಾಯಿತು. ಅದೇ ವರ್ಷ ಅದೇ ಸರ್ಕಾರ ಮುಂಬಯಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿತು. ಮರುವರ್ಷ ಅದು ಧಾರವಾಡಕ್ಕೆ ಬಂತು. ಗಣೇಶಖಿಂಡವೂ ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡವೂ ಒಂದು ಅರ್ಥದಲ್ಲಿ ಅಕ್ಕತಂಗಿಯರು. 2014ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿಯವರ ಹೆಸರು ಬಂತು. ಪ್ಲೇಗಿನ ವರ್ಷ ಔತಣ ನಡೆದ ಮನೆಗೆ ಪ್ಲೇಗಿನಲ್ಲಿ ಜೀವ ತೆತ್ತ ತಾಯಿಯ ಹೆಸರು. ಇದಕ್ಕಿಂತ ಸರಿಯಾದ ಹೆಸರು ಇನ್ನೊಂದಿರಲಾರದು.

ಬಳಕೆಯಲ್ಲಿರುವುದರಿಂದಲೇ ಕಟ್ಟಡ ಉಳಿದಿದೆ. ಗಣ್ಯರ ಸಭೆ ನಡೆಯುತ್ತಿದ್ದ ಮನೆಯಲ್ಲಿ ಈಗ ಸಂತ ಜ್ಞಾನೇಶ್ವರರ ಹೆಸರಿನ ಸಭಾಂಗಣವಿದೆ. ಆವರಣದಲ್ಲಿ ಜಯಕರ್ ಗ್ರಂಥಾಲಯವಿದೆ. ಜಯಂತ ನಾರ್ಲೀಕರ್ 1988ರಲ್ಲಿ ಕಟ್ಟಿ ಬೆಳೆಸಿದ ಖಗೋಳ ವಿಜ್ಞಾನ ಕೇಂದ್ರ ಅಯೂಕಾ ಇದೆ. ಅದರ ಕಟ್ಟಡದ ವಿನ್ಯಾಸ ಚಾರ್ಲ್ಸ್ ಕೊರಿಯಾ ಅವರದು.

ಆತಂಕ ಇರುವುದು ಮರಗಳ ಬಗ್ಗೆ. ವಿಶ್ವವಿದ್ಯಾಲಯ ವೃತ್ತದ ಹಳೆಯ ಫ್ಲೈಓವರ್‌ಗಳನ್ನು 2020ರಲ್ಲಿ ಕೆಡವಿದರು. ಹಿಂಜೆವಾಡಿ–ಶಿವಾಜಿನಗರ ಮೆಟ್ರೊಗೆ ಕಂಬಗಳು ಎದ್ದವು. ಗಣೇಶಖಿಂಡ ರಸ್ತೆ ಅಗಲವಾಗುವಾಗ ಹಳೆಯ ಮರಗಳು ಉರುಳಿದವು, ಪುಣೆಯ ಜನ ಬೀದಿಗಿಳಿದು ವಿರೋಧಿಸಿದರು. ಮೆಟ್ರೊ ಬೇಕು, ನಿಜ. ದಿನಾ ಐಟಿ ಕೆಲಸಕ್ಕೆ ಹಿಂಜೆವಾಡಿಗೆ ಹೋಗಿಬರುವವರ ಪಾಡು ಕಂಡವರು ಅದನ್ನು ಬೇಡವೆನ್ನಲಾರರು. ಹಾಗೆಂದು ನೂರು ವರ್ಷದ ಆಲವನ್ನು ಕಡಿದು ಸಸಿ ನೆಟ್ಟರೆ ಲೆಕ್ಕ ಸರಿಹೋಗದು. ಸಮಾಧಾನದ ಸಂಗತಿಯೆಂದರೆ, ಕೃಷಿ ವಿಶ್ವವಿದ್ಯಾಲಯದ ಕೈಯಲ್ಲಿರುವ ಹಳೆಯ ಸಸ್ಯೋದ್ಯಾನದ ಸುಮಾರು 33 ಹೆಕ್ಟೇರ್ ಪ್ರದೇಶವನ್ನು ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದೆ. ಅಷ್ಟೇ ಹಳೆಯ ನಂಟಿನ ವಿಶ್ವವಿದ್ಯಾಲಯದ ಆವರಣಕ್ಕೂ ಅಂಥ ರಕ್ಷಣೆ ಬೇಕು. ಮನೆ ಒಂದು ಇಲಾಖೆಗೆ, ತೋಟ ಇನ್ನೊಂದಕ್ಕೆ, ರಸ್ತೆ ಮತ್ತೊಂದಕ್ಕೆ ಎಂದು ಹಂಚಿಹೋದರೆ ಕೊನೆಗೆ ಮರ ಯಾರದೂ ಆಗುವುದಿಲ್ಲ.

ಇನ್ನೊಂದು ಕೆಲಸ ದೊಡ್ಡ ಖರ್ಚಿಲ್ಲದೆ ಆಗುವಂಥದು. ಎಡಿನ್‌ಬರೋದಲ್ಲಿರುವ ದಾಪೋಡಿಯ ಚಿತ್ರಗಳ ಒಳ್ಳೆಯ ಪ್ರತಿಗಳನ್ನು ತರಿಸಿ ಮುಖ್ಯ ಕಟ್ಟಡದ ಒಂದು ಕೋಣೆಯಲ್ಲಿ ಸಾರ್ವಜನಿಕರಿಗೆ ತೆರೆದಿಡಬೇಕು. ಪಕ್ಕದಲ್ಲಿ 1817ರ ರಣಭೂಮಿಯ ನಕ್ಷೆ, ಕುಕ್ ಮತ್ತು ವಿಶ್ವೇಶ್ವರಯ್ಯನವರ ಕಾಲೇಜಿನ ಕಥೆ, ಸಾವಿತ್ರಿಬಾಯಿಯವರ ಕೊನೆಯ ದಿನಗಳ ವಿವರ ಇರಲಿ. ಮರಾಠಿ, ಇಂಗ್ಲಿಷ್ ಫಲಕಗಳ ಜೊತೆ ಕನ್ನಡದ್ದೂ ಒಂದಿರಲಿ. ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದು ಈ ಊರಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಕಡಿಮೆಯೇನಿಲ್ಲ. ಪುಣೆಯ ಕನ್ನಡ ಸಂಘಟನೆಗಳು ವಿಶ್ವವಿದ್ಯಾಲಯದ ಮುಂದೆ ಈ ಬೇಡಿಕೆ ಇಡಲಿ, ಫಲಕದ ಕನ್ನಡ ಬರಹದ ಹೊಣೆಯನ್ನೂ ತಾವೇ ಹೊರಲಿ.