ಹಳೆಯ ಟ್ರೈಲರಿಗೆ ಬ್ರೇಕು

ಎತ್ತಿನ ಗಾಡಿಯನ್ನು ಇಳಿಜಾರಿನಲ್ಲಿ ಹೊಡೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಏರಿನಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ; ಇಳಿಜಾರಿನಲ್ಲಿ ಗಾಡಿಯೇ ಎತ್ತನ್ನು ನೂಕುತ್ತದೆ. ನೊಗ ಮುಂದಕ್ಕೆ ಜಾರಿ ಕೊಂಬಿನ ಬುಡಕ್ಕೆ ಒತ್ತುತ್ತದೆ, ಎತ್ತುಗಳು ಕಾಲೂರಿ ಹಿಂದಕ್ಕೆ ಜಗ್ಗುತ್ತವೆ. ಇದಕ್ಕಾಗಿಯೇ ಇಳಿಜಾರಿನ ದಾರಿಗಳಲ್ಲಿ ಓಡಾಡುವ ಗಾಡಿಗಳಿಗೆ ನಮ್ಮ ಹಿರಿಯರು ಬಿರಿ ಕಟ್ಟುತ್ತಿದ್ದರು. ಚಕ್ರಗಳಿಗೆ ಅಡ್ಡವಾಗಿ ಒಂದು ಮರದ ದಿಮ್ಮಿ, ಅದಕ್ಕೊಂದು ಹಗ್ಗ; ಹಗ್ಗವನ್ನು ಬಿಗಿದರೆ ದಿಮ್ಮಿಯು ಚಕ್ರದ ಕಬ್ಬಿಣದ ಪಟ್ಟಿಗೆ ಒತ್ತಿ ಕಿರುಗುಟ್ಟುತ್ತ ಗಾಡಿಯನ್ನು ತಡೆಯುತ್ತಿತ್ತು. ಎತ್ತುಗಳ ಸ್ಥಾನಕ್ಕೆ ಟ್ರಾಕ್ಟರು ಬಂದಿತು. ಹೇರು ಒಂದು ಟನ್ನಿನಿಂದ ಏಳೆಂಟು ಟನ್ನಿಗೆ ಏರಿತು. ಬಿರಿ ಮಾತ್ರ ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಯಿತು.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಬ್ರೇಕಿನ ಉಸಾಬರಿ ಏಕೆ ಎಂದು ಗೆಳೆಯರು ಕೇಳಿದರು. ಕಾರಣ ಮನೆಯಲ್ಲಿಯೇ ಇದೆ. ನಮ್ಮದು ಮಂಡ್ಯದ ಕಡೆಯ ಕಬ್ಬಿನ ಸೀಮೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಈ ಭಾಗದ ಊರುಗಳು ಕಬ್ಬು ಹೇರಿಕೊಂಡು ದಾರಿ ಸವೆಸುತ್ತಲೇ ಇವೆ. ಬೆಳಗಾವಿ, ಬಾಗಲಕೋಟೆಗಳ ಕಡೆಯಲ್ಲಂತೂ ಒಂದು ಟ್ರಾಕ್ಟರಿಗೆ ಎರಡು ಟ್ರೈಲರು ಕಟ್ಟಿಕೊಂಡು ಹೋಗುವುದು ಸಾಮಾನ್ಯ ನೋಟ. ಇವುಗಳಲ್ಲಿ ಅದೆಷ್ಟೋ ಟ್ರೈಲರುಗಳು ಊರ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸಿದವು. ಅಚ್ಚು, ಚಕ್ರ, ಮೂಕಿ, ತೊಟ್ಟಿ ಎಲ್ಲವೂ ಇರುತ್ತವೆ, ಬ್ರೇಕು ಇರುವುದಿಲ್ಲ.

ನಮ್ಮ ಮನೆಯದೂ ಅಂತಹುದೇ ಆಗಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಗಿನ ಜಾವ ಚಿಕ್ಕಪ್ಪ ಕಬ್ಬು ತುಂಬಿಕೊಂಡು ನಾಲೆಯ ಸೇತುವೆ ದಾಟಿ ಇಳಿಯುತ್ತಿದ್ದಾಗ ಎದುರಿಗೆ ಒಂದು ಎಮ್ಮೆ ಅಡ್ಡ ಬಂದಿತು. ಅವರು ಬ್ರೇಕು ಒತ್ತಿದರು. ಟ್ರಾಕ್ಟರಿನ ಹಿಂಚಕ್ರಗಳು ನಿಂತವು, ಟ್ರೈಲರು ನಿಲ್ಲಲಿಲ್ಲ. ಅದು ಟ್ರಾಕ್ಟರಿನ ಬೆನ್ನನ್ನು ಓರೆಯಾಗಿ ನೂಕಿ, ಮಡಿಸುವ ಚಾಕುವಿನಂತೆ ಎರಡನ್ನೂ ಮಡಿಸಿ ರಸ್ತೆಯ ಪಕ್ಕಕ್ಕೆ ಕೆಡವಿತು. ಚಿಕ್ಕಪ್ಪನ ಎಡಗಾಲು ಎರಡು ಕಡೆ ಮುರಿದು ಆ ಹಂಗಾಮು ಪೂರ್ತಿ ಮಂಚದ ಮೇಲೆಯೇ ಕಳೆಯಿತು. ಎಮ್ಮೆಗೆ ಏನೂ ಆಗಲಿಲ್ಲ. ಊರಿನವರು ಡ್ರೈವರನನ್ನು ಬೈದರು, ಎಮ್ಮೆಯವನನ್ನು ಬೈದರು, ಗ್ರಹಚಾರವನ್ನೂ ಬೈದರು. ಟ್ರೈಲರನ್ನು ಯಾರೂ ಬೈಯಲಿಲ್ಲ.

ತಪ್ಪು ಯಾರದೆಂದು ಲೆಕ್ಕ ಹಾಕಿ ನೋಡೋಣವೆಂದು ನಾನು ಒಂದು ದಿನ ಕಾಗದ ಹಿಡಿದು ಕುಳಿತೆ. ಟ್ರಾಕ್ಟರಿನ ತೂಕ ಸುಮಾರು 2 ಟನ್ನು. ಸಾಮಾನ್ಯ ಟ್ರಾಕ್ಟರಿಗೆ ಬ್ರೇಕು ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಆ ಚಕ್ರಗಳ ಮೇಲೆ ಬೀಳುವ ಭಾರ ಸುಮಾರು 1.3 ಟನ್ನು. ಕೆಸರು ಮೆತ್ತಿದ ಟೈರು ಡಾಂಬರಿನ ಮೇಲೆ ತನ್ನ ಭಾರದ ಅರ್ಧದಷ್ಟು ಹಿಡಿತ ಕೊಡುವುದೆಂದು ಇಟ್ಟುಕೊಂಡರೆ, ಒಟ್ಟು ಹಿಡಿತ 0.65 ಟನ್ನು. ಪೆಡಲನ್ನು ಎಷ್ಟೇ ಬಲವಾಗಿ ತುಳಿದರೂ ಇದಕ್ಕಿಂತ ಹೆಚ್ಚು ಸಿಗದು, ಚಕ್ರ ಜಾರುತ್ತದೆ ಅಷ್ಟೆ. ಇಷ್ಟು ಹಿಡಿತದಿಂದ ತಡೆಯಬೇಕಾದುದು ಟ್ರಾಕ್ಟರು 2, ನಾಲ್ಕು ಚಕ್ರದ ಟ್ರೈಲರು ಮತ್ತು ಕಬ್ಬು ಸೇರಿ 8, ಅಂತೂ 10 ಟನ್ನು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ, ಸಮತಟ್ಟಾದ ರಸ್ತೆಯಲ್ಲಿಯೇ, ಇದು ನಿಲ್ಲಲು ಸುಮಾರು 24 ಮೀಟರು ಬೇಕು. ನಾಲ್ಕು ಜೋಡೆತ್ತಿನ ಗಾಡಿಗಳು ಸಾಲಾಗಿ ನಿಂತಷ್ಟು ಉದ್ದ!

ಇಳಿಜಾರಿನ ಮಾತು ಬೇರೆ. ನಾಲೆಯ ಸೇತುವೆಯ ಇಳಿಜಾರನ್ನು ನಾನು ಹಗ್ಗ ಹಿಡಿದು ಅಳೆದೆ. ಹತ್ತು ಅಡಿ ಹೋದರೆ ಸುಮಾರು ಒಂದು ಅಡಿ ಇಳಿಯುತ್ತದೆ. ಅಂದರೆ 10 ಟನ್ನಿನ ಹತ್ತನೆಯ ಒಂದು ಪಾಲು, 1 ಟನ್ನಿನ ಬಲ, ಎಲ್ಲವನ್ನೂ ಕೆಳಕ್ಕೆ ನೂಕುತ್ತಿರುತ್ತದೆ. ಚಕ್ರಗಳು ಉರುಳುವಾಗ ತಾವಾಗಿಯೇ ಕೊಡುವ ತಡೆಗೆ 0.2 ಟನ್ನು ಕಳೆದರೂ 0.8 ಉಳಿಯಿತು. ನಮ್ಮ ಕೈಯಲ್ಲಿರುವ ಹಿಡಿತ 0.65. ಎಂದ ಮೇಲೆ ಚಿಕ್ಕಪ್ಪ ಅಂದು ಏನು ಮಾಡಿದ್ದರೂ ಆ ಬಂಡಿ ನಿಲ್ಲುವಂತೆಯೇ ಇರಲಿಲ್ಲ. ಈ ಲೆಕ್ಕವನ್ನು ಅವರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಂಗಾರೆ ನಂದೇನೂ ತಪ್ಪಿರ್ನಿಲ್ಲ ಅನ್ನು," ಎಂದರು. ಮರುವಾರವೇ ಬ್ರೇಕು ಹಾಕಿಸುವ ಮಾತು ಮನೆಯಲ್ಲಿ ಎದ್ದಿತು.

ಟ್ರೈಲರಿನ ಬ್ರೇಕುಗಳಲ್ಲಿ ಹಲವು ಬಗೆ ಉಂಟು. ಗಾಳಿಯ ಬ್ರೇಕಿಗೆ ಟ್ರಾಕ್ಟರಿನಲ್ಲಿ ಗಾಳಿ ತುಂಬುವ ಯಂತ್ರವೇ ಬೇಕು. ಟ್ರಾಕ್ಟರಿನ ಬ್ರೇಕಿನ ಜೊತೆಗೆ ಕೆಲಸ ಮಾಡುವಂತೆ ಎಣ್ಣೆಯ ಕೊಳವೆ ಎಳೆಯುವುದೂ ಉಂಟು. ಹಳೆಯ ಟ್ರಾಕ್ಟರಿನಲ್ಲಿ ಅದಕ್ಕೆ ಅನುಕೂಲವಿರುವುದಿಲ್ಲ. ನಮಗೆ ಒದಗಿದುದು ನೂಕು ಬ್ರೇಕು. ಇದರ ಉಪಾಯ ಬಲು ಸೊಗಸಾದುದು: ಯಾವ ನೂಕು ಅನಾಹುತಕ್ಕೆ ಕಾರಣವೋ ಅದೇ ನೂಕಿನಿಂದ ಬ್ರೇಕು ಹಿಡಿಸುವುದು. ಮೂಕಿಯ ತುದಿಯನ್ನು ಒಂದರೊಳಗೊಂದು ಜಾರುವ ಎರಡು ಕೊಳವೆಗಳಾಗಿ ಮಾಡುತ್ತಾರೆ. ಟ್ರಾಕ್ಟರು ನಿಧಾನಿಸಿದಾಗ ಟ್ರೈಲರು ಮುಂದಕ್ಕೆ ಒತ್ತುತ್ತದೆ, ಕೊಳವೆ ಒಳಕ್ಕೆ ಜಾರುತ್ತದೆ, ಜಾರುತ್ತ ಒಂದು ಸಣ್ಣ ಸಿಲಿಂಡರಿನ ಎಣ್ಣೆಯನ್ನು ಒತ್ತುತ್ತದೆ. ಆ ಎಣ್ಣೆ ಹಿಂದಿನ ಚಕ್ರಗಳ ಡ್ರಮ್ಮಿನೊಳಗಿನ ಷೂಗಳನ್ನು ಅಗಲಿಸುತ್ತದೆ. ಟ್ರೈಲರು ತನ್ನ ಕಾಲನ್ನು ತಾನೇ ಕಟ್ಟಿಕೊಂಡಂತಾಯಿತು. ಒಂದು ಪಾಲು ನೂಕಿಗೆ ನಾಲ್ಕು ಪಾಲು ಹಿಡಿತ ಬರುವಂತೆ ಹೊಂದಿಸಿದರೆ, ಮೇಲಿನ ಲೆಕ್ಕದ 24 ಮೀಟರು ಸುಮಾರು 9 ಮೀಟರಿಗೆ ಇಳಿಯುತ್ತದೆ. ಸೇತುವೆಯ ಇಳಿಜಾರಿನಲ್ಲಿಯೂ ಬಂಡಿ ನಿಲ್ಲುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಹೋಗುವ ಟ್ರೈಲರುಗಳಿಗೂ ಇದೇ ಬ್ರೇಕು. ಬ್ರಿಟನ್ನಿನಲ್ಲಿ ಹೇರು ಸೇರಿ 750 ಕಿಲೋಗ್ರಾಂ ಮೀರಬಹುದಾದ ಟ್ರೈಲರಿಗೆ ಬ್ರೇಕು ಇರಲೇಬೇಕೆಂಬುದು ಕಾನೂನು. ಅವರ ಕಷ್ಟ ಇನ್ನೊಂದು: ದೋಣಿ ಇಳಿಸುವಾಗ ಚಕ್ರ ಉಪ್ಪುನೀರಿನಲ್ಲಿ ಮುಳುಗಿ ಡ್ರಮ್ಮು ತುಕ್ಕು ಹಿಡಿಯುತ್ತದೆ, ಪ್ರತಿ ಸಲವೂ ಸಿಹಿನೀರಿನಿಂದ ತೊಳೆಯಬೇಕು. ಮುಕ್ಕಾಲು ಟನ್ನಿನ ದೋಣಿಗೆ ಅಷ್ಟು ಕಟ್ಟುನಿಟ್ಟು!

ಹಳೆಯ ಟ್ರೈಲರಿಗೆ ಇದನ್ನು ಕೂಡಿಸುವಾಗ ಮೊದಲ ತೊಡಕು ಅಚ್ಚಿನದು. ಬ್ರೇಕಿನ ಷೂಗಳನ್ನು ಹೊರುವ ತಟ್ಟೆಯನ್ನು ಕೂಡಿಸಲು ಹಳೆಯ ಅಚ್ಚಿನಲ್ಲಿ ಜಾಗವೇ ಇರುವುದಿಲ್ಲ. ಅಚ್ಚಿಗೇ ವೆಲ್ಡಿಂಗ್ ಮಾಡಿ ತಟ್ಟೆ ಕೂಡಿಸಬಹುದೆಂದು ಹೇಳುವವರಿದ್ದಾರೆ. ನಮ್ಮ ಮೇಸ್ತ್ರಿ ಒಪ್ಪಲಿಲ್ಲ. "ಕಾಯಿಸಿದ ಅಚ್ಚು ಇವತ್ತು ನಿಂತ್ಕೊಂಡಿರ್ತದೆ ಕಣಪ್ಪ, ಹೇರು ಬಿದ್ದಾಗ ಬಗ್ತದೆ," ಎಂದು ಹೇಳಿ, ಡ್ರಮ್ಮು ಸಹಿತವಾದ ಇಡೀ ಅಚ್ಚನ್ನೇ ತರಿಸಿದರು. ಖರ್ಚು ಹೆಚ್ಚಾಯಿತು, ಅವರ ಮಾತೇ ಸರಿಯೆಂದು ಈಗಲೂ ನನಗೆ ಅನ್ನಿಸುತ್ತದೆ. ಹೊಸ ಹಬ್ಬಿನ ಬೋಲ್ಟುಗಳ ಅಂತರವೂ ಹಳೆಯ ರಿಮ್ಮಿನ ತೂತುಗಳ ಅಂತರವೂ ಒಂದೇ ಆಗಿರಬೇಕು, ರಿಮ್ಮಿನ ಒಳಮೈಗೆ ಡ್ರಮ್ಮು ತಾಕಬಾರದು. ಇದನ್ನು ಕೊಳ್ಳುವುದಕ್ಕೆ ಮೊದಲೇ ಅಳೆಯಬೇಕು. ಎರಡು ಅಚ್ಚುಗಳಿಗೂ ಬ್ರೇಕು ಹಾಕಿಸಲು ಹಣವಿಲ್ಲದಿದ್ದರೆ ಹಿಂದಿನದಕ್ಕೆ ಹಾಕಿಸುವುದು ಲೇಸು. ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದಂತಾಗಿ ಟ್ರೈಲರು ನೇರವಾಗಿ ನಿಲ್ಲುತ್ತದೆ. ಎಣ್ಣೆಯ ಕೊಳವೆ ಮುಂದಿನ ಅಚ್ಚು ತಿರುಗುವ ಜಾಗವನ್ನು ದಾಟುವಲ್ಲಿ ರಬ್ಬರಿನದಾಗಿದ್ದು ಸಡಿಲವಾಗಿರಬೇಕು. ಎಣ್ಣೆ ಎಂದೆನಷ್ಟೆ, ಬ್ರೇಕಿಗೆಂದೇ ಮಾರುವ ಎಣ್ಣೆ ಬೇಕು. ಮನೆಯಲ್ಲಿ ಉಳಿದಿದ್ದ ಇಂಜಿನ್ ಆಯಿಲನ್ನು ಸುರಿದರೆ ಒಳಗಿನ ರಬ್ಬರು ಊದಿಕೊಂಡು ಎಲ್ಲವೂ ಕೆಡುತ್ತದೆ. ಅಪ್ಪ ಹಾಗೆ ಸುರಿಯಲು ಡಬ್ಬಿ ಹಿಡಿದುಕೊಂಡೇ ಬಂದಿದ್ದರು.

ನೂಕು ಬ್ರೇಕಿಗೆ ಒಂದು ವಕ್ರಬುದ್ಧಿ ಇದೆ. ಕಾರ್ಖಾನೆಯ ಅಂಗಳದಲ್ಲಿ ಹಿಂದಕ್ಕೆ ಹೊಡೆಯುವಾಗಲೂ ಕೊಳವೆ ಒಳಕ್ಕೆ ಜಾರುವುದರಿಂದ ಬ್ರೇಕು ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ಕೊಳವೆ ಜಾರದಂತೆ ಒಂದು ಪಿನ್ನು ಹಾಕುವ ಏರ್ಪಾಡು ಮಾಡುತ್ತಾರೆ. ಆ ಪಿನ್ನನ್ನು ತೆಗೆಯದೆ ರಸ್ತೆಗೆ ಹೋದರೆ ಬ್ರೇಕು ಇದ್ದೂ ಇಲ್ಲ. ನಾವು ಪಿನ್ನಿಗೆ ಕೆಂಪು ಬಟ್ಟೆ ಕಟ್ಟಿದ್ದೇವೆ. ನಿಂತ ಟ್ರೈಲರಿನಲ್ಲಿ ನೂಕು ಇರದ ಕಾರಣ ಕೈಬ್ರೇಕು ಬೇರೆಯೇ ಬೇಕು. ಅದರ ಹಿಡಿಯಿಂದ ಟ್ರಾಕ್ಟರಿಗೆ ಒಂದು ತಂತಿ ಕಟ್ಟಿದರೆ, ಕೊಕ್ಕೆ ಕಳಚಿದ ಗಳಿಗೆಯಲ್ಲಿ ತಂತಿ ಹಿಡಿಯನ್ನು ಎಳೆದು ಟ್ರೈಲರನ್ನು ನಿಲ್ಲಿಸುತ್ತದೆ. ಇನ್ನು ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರು ತೆಗೆದು ಬಿಡುವವರಿದ್ದಾರೆ. ಆಗ ಷೂಗಳು ಉದ್ದಕ್ಕೂ ಉಜ್ಜಿ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಟ್ರಾಕ್ಟರಿನ ಎಡಬಲದ ಎರಡು ಬ್ರೇಕು ಪೆಡಲುಗಳನ್ನು ಕೂಡಿಸುವ ಕೊಂಡಿಯನ್ನು ಉಳುವಾಗ ಬಿಚ್ಚಿದವರು ರಸ್ತೆಗೆ ಬರುವಾಗ ಮರೆಯದೆ ಹಾಕಬೇಕು. ಒಂದೇ ಪೆಡಲು ಒತ್ತಿದರೆ ಟ್ರಾಕ್ಟರು ಆ ಬದಿಗೆ ತಿರುಗುತ್ತದೆ. ಟ್ರೈಲರು ಸಹ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಆದುದರಿಂದ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವನ್ನು ನೆನೆದು, ಅಚ್ಚು ಬದಲಿಸುವ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಕೆಲಸ ಮುಗಿದ ದಿನ ಮೊದಲು ಖಾಲಿ ಟ್ರೈಲರನ್ನು ಸಮತಟ್ಟಾದ ರಸ್ತೆಯಲ್ಲಿ ಓಡಿಸಿದೆವು, ಅನಂತರ ಅರ್ಧ ಹೇರು, ಆಮೇಲೆ ಪೂರ್ತಿ ಹೇರು. ಪ್ರತಿ ಸಲ ನಿಂತಾಗಲೂ ಎರಡು ಡ್ರಮ್ಮುಗಳ ಹತ್ತಿರ ಕೈ ಹಿಡಿದು ಕಾವು ನೋಡಬೇಕು. ಒಂದು ಹೆಚ್ಚು ಬಿಸಿಯಾಗಿದ್ದರೆ ಹಿಡಿತ ಸಮನಾಗಿಲ್ಲವೆಂದು ಅರ್ಥ. ಸೇತುವೆಯ ಇಳಿಜಾರಿಗೆ ಬಂದಾಗ ಚಿಕ್ಕಪ್ಪ ತಾವೇ ಹೊಡೆಯುವುದಾಗಿ ಹೇಳಿ ಹತ್ತಿ ಕುಳಿತರು. ನಡುವೆ ಬ್ರೇಕು ಒತ್ತಿದರು. ಮೂಕಿಯ ಕೊಳವೆ ಒಂದು ಸಲ ಟಕ್ಕೆಂದಿತು, ಕಬ್ಬು ಮುಂದಕ್ಕೆ ವಾಲಿತು, ಬಂಡಿ ನಿಂತಿತು. ಅವರು ಕುಂಟುತ್ತ ಇಳಿದು ಹಿಂದಕ್ಕೆ ಹೋಗಿ ಎರಡು ಡ್ರಮ್ಮುಗಳಿಗೂ ಕೈ ಒಡ್ಡಿ, "ಎಡಗಡೇದು ವಸಿ ಜಾಸ್ತಿ ಬಿಸಿ," ಎಂದರು. ಮೇಸ್ತ್ರಿ ಸ್ಪಾನರು ತೆಗೆದುಕೊಂಡು ಟ್ರೈಲರಿನ ಕೆಳಗೆ ನುಸುಳಿದರು.