16ನೇ ತಾರೀಖಿನ ಮೇಣದಬತ್ತಿ

ಮಾಲ್ಟಾಕ್ಕೆ ಬಂದು ಎರಡನೇ ವಾರ. ಸ್ಲೀಮಾದಿಂದ ಫೆರ್ರಿ ಹತ್ತಿ ರಾಜಧಾನಿ ವಲ್ಲೆಟ್ಟಾ ನೋಡೋಕೆ ಹೋಗಿದ್ದೆ. ಅಲ್ಲಿನ ಮುಖ್ಯ ಬೀದಿಯಲ್ಲಿ, ಕೋರ್ಟಿನ ಎದುರಿಗೇ, ಮೂರು ಕಂಚಿನ ಪ್ರತಿಮೆಗಳಿರುವ ಹಳೇ ಸ್ಮಾರಕವೊಂದಿದೆ. ಅದರ ಬುಡದಲ್ಲಿ ಹೂವು, ಮೇಣದಬತ್ತಿ, ನಡುವೆ ಕಪ್ಪು ಕೂದಲಿನ ಹೆಂಗಸೊಬ್ಬರ ಫೋಟೋ. ಇಲ್ಲಿನ ಯಾರೋ ಸಂತಳಿರಬೇಕು ಅಂದ್ಕೊಂಡು ಕೈಮುಗಿದು ಬಂದೆ!

ಮರುದಿನ ಆಫೀಸಿನಲ್ಲಿ ಇದನ್ನು ಹೇಳಿದಾಗ ಪಕ್ಕದ ಸೀಟಿನ ಮಾಲ್ಟೀಸ್ ಹುಡುಗಿ ನಗಲಿಲ್ಲ. ದನಿ ತಗ್ಗಿಸಿ, "ಅದು ಡಾಫ್ನೆ" ಎಂದಳು. ಆಮೇಲೆ ಒಮ್ಮೆ ಸುತ್ತ ನೋಡಿದಳು.

ಅವಳು ಹಾಗೆ ಸುತ್ತ ನೋಡಿದ್ದು ಯಾಕೆ ಅಂತ ಅರ್ಥವಾಗೋಕೆ ನನಗೆ ಒಂದು ವರ್ಷ ಬೇಕಾಯ್ತು.

ಮಾಲ್ಟಾ ಎಷ್ಟು ದೊಡ್ಡದು ಗೊತ್ತಾ? 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಜನಸಂಖ್ಯೆ 5 ಲಕ್ಷ ಚಿಲ್ಲರೆ. ಆದರೂ ಇದು ದೇಶ: ಪ್ರಧಾನಿ ಇದ್ದಾರೆ, ಸಂಸತ್ತಿದೆ, ಯುರೋಪಿಯನ್ ಒಕ್ಕೂಟದಲ್ಲಿ ಸೀಟಿದೆ. ಊರಿನಷ್ಟೇ ಇರೋ ದೇಶದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮಂತ್ರಿಯ ಅಣ್ಣ ನಿಮ್ಮ ಬಿಲ್ಡಿಂಗಿನಲ್ಲೇ ಇರಬಹುದು, ಪತ್ರಕರ್ತೆಯ ಮಗ ನಿಮ್ಮ ಮಗನ ಕ್ಲಾಸ್‌ಮೇಟ್ ಇರಬಹುದು. ಎರಡು ದೊಡ್ಡ ಪಕ್ಷಗಳಿಗೂ ಸ್ವಂತ ಟಿವಿ ಚಾನೆಲ್ ಇವೆ, ಅದೂ ರಾಜಾರೋಷವಾಗಿ. (ನಮ್ಮಲ್ಲಿ ಕನಿಷ್ಠ ಒಂದು ಮುಸುಕಾದರೂ ಇರುತ್ತೆ!) ಜಾಹೀರಾತು ಕೊಡೋ ಕೈಗಳು ಕೆಲವೇ. ಅದರಲ್ಲಿ ಸರ್ಕಾರದ ಕೈ ದೊಡ್ಡದು.

ಇಂಥ ಕಡೆ ಡಾಫ್ನೆ ಕರುವಾನಾ ಗಲೀಟ್ಸಿಯಾ ಒಬ್ಬರೇ ಕೂತು ಬ್ಲಾಗ್ ಬರೀತಿದ್ದರು. ಕೆಲವು ದಿನ ಅದರ ಓದುಗರು ದೇಶದ ಎಲ್ಲ ಪತ್ರಿಕೆಗಳ ಪ್ರಸಾರವನ್ನೂ ಮೀರಿಸುತ್ತಿದ್ದರು ಅಂತಾರೆ. ಮಾತು ಹರಿತ, ಕೆಲವೊಮ್ಮೆ ಒರಟು. ಅವರನ್ನು ಇಷ್ಟಪಡದವರು ಇಂದಿಗೂ ಸಾಕಷ್ಟಿದ್ದಾರೆ, ನಮ್ಮ ಆಫೀಸಿನಲ್ಲೂ. ಆದರೆ 2016ರಲ್ಲಿ ಒಬ್ಬ ಮಂತ್ರಿಗೂ ಪ್ರಧಾನಿಯ ಆಪ್ತ ಅಧಿಕಾರಿಗೂ ಪನಾಮಾದಲ್ಲಿ ಗುಟ್ಟಿನ ಕಂಪನಿಗಳಿವೆ ಎಂದು ಮೊದಲು ಬರೆದಿದ್ದು ಅವರೇ. ಪನಾಮಾ ಪೇಪರ್ಸ್ ಆಮೇಲೆ ಅದನ್ನು ಖಚಿತ ಮಾಡಿತು.

ಅದಕ್ಕೆ ಸಿಕ್ಕ ಉತ್ತರ ಮೊದಲು ಬಾಂಬ್ ಆಗಿರಲಿಲ್ಲ, ಕೋರ್ಟ್ ನೋಟಿಸ್ ಆಗಿತ್ತು. ಇದನ್ನು ಗಮನಿಸಬೇಕು. ಸಾಯುವ ಹೊತ್ತಿಗೆ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು. ಗೆಲ್ಲೋದಕ್ಕಲ್ಲ, ಸುಸ್ತು ಮಾಡೋದಕ್ಕೆ. 2017ರ ಫೆಬ್ರವರಿಯಲ್ಲಿ ಒಬ್ಬ ಮಂತ್ರಿ ಕೋರ್ಟ್ ಮೂಲಕ ಅವರ ಬ್ಯಾಂಕ್ ಖಾತೆಗಳನ್ನೇ ಫ್ರೀಜ್ ಮಾಡಿಸಿದರು. ಓದುಗರು ಕೈಗೂಡಿಸಿ ದುಡ್ಡು ಎತ್ತಿದರು. ಆದರೂ ಖಾತೆಯ ತಾಪತ್ರಯ ಮುಗಿಯಲಿಲ್ಲ.

ಅಕ್ಟೋಬರ್ 16ರ ಮಧ್ಯಾಹ್ನ ಒಂದು ಬರಹ ಪೋಸ್ಟ್ ಮಾಡಿ, ಬಿದ್ನೀಯಾ ಹಳ್ಳಿಯ ಮನೆಯಿಂದ ಕಾರು ತೆಗೆದರಲ್ಲ, ಹೊರಟಿದ್ದು ಬ್ಯಾಂಕಿಗೇ. ಕಾರಿನ ಸೀಟಿನಡಿ ಬಾಂಬ್ ಇತ್ತು. ಸದ್ದು ಕೇಳಿ ಮನೆಯಿಂದ ಬರಿಗಾಲಲ್ಲಿ ಓಡಿ ಬಂದವನು ಹಿರಿಮಗ.

ಇದನ್ನು ಓದುವಾಗ ನಾನು ತಾರೀಖು ಲೆಕ್ಕ ಹಾಕಿದೆ. ಅದಕ್ಕೆ ಸರಿಯಾಗಿ 41 ದಿನ ಮುಂಚೆ, ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಿದ್ದಿದ್ದರು. ಇಬ್ಬರೂ ಐವತ್ತು ದಾಟಿದ ಹೆಂಗಸರು, ಇಬ್ಬರ ಮೇಲೂ ಮಾನನಷ್ಟ ಕೇಸುಗಳು, ಇಬ್ಬರೂ ಸತ್ತಿದ್ದು ಮನೆ ಹತ್ತಿರ. ಆ ವರ್ಷ ನಾನು ಮೈಸೂರಿನಲ್ಲಿ ಎಂ.ಕಾಂ. ಓದುತ್ತಾ, ಗೌರಿ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ನೋಡಿ ಮುಂದಿನ ಮೆಸೇಜಿಗೆ ಹೋಗಿದ್ದೆ. ನಾಚಿಕೆಯಿಂದಲೇ ಹೇಳ್ತಿದೀನಿ.

ಈ ಎರಡು ಸಾವುಗಳ ಮಧ್ಯೆ ನಿಜವಾದ ನಂಟೂ ಒಂದಿದೆ. ಫ್ರಾನ್ಸಿನಲ್ಲಿ ಫರ್ಬಿಡನ್ ಸ್ಟೋರೀಸ್ ಅಂತ ಪತ್ರಕರ್ತರ ಸಂಸ್ಥೆ ಇದೆ. ಕೊಲೆಯಾದ ಪತ್ರಕರ್ತರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂದುವರಿಸೋದೇ ಅದರ ಕಸುಬು. 2018ರಲ್ಲಿ 15 ದೇಶಗಳ 45 ಪತ್ರಕರ್ತರು ಸೇರಿ ಡಾಫ್ನೆಯ ತನಿಖೆಗಳನ್ನು ಎತ್ತಿಕೊಂಡರು. 2023ರಲ್ಲಿ ಅದೇ ಸಂಸ್ಥೆ ಗೌರಿಯ ಕೆಲಸವನ್ನು, ಅಂದರೆ ಸುಳ್ಳು ಸುದ್ದಿಯ ಕಾರ್ಖಾನೆಗಳ ಹುಡುಕಾಟವನ್ನು, ಮುಂದುವರಿಸಿತು. ಗೌರಿಯ ಕೊನೆಯ ಸಂಪಾದಕೀಯವೂ ಸುಳ್ಳು ಸುದ್ದಿಯ ಬಗ್ಗೆಯೇ ಇತ್ತು.

ಮಾಲ್ಟಾದಲ್ಲಿ ಆಮೇಲೆ ಏನೇನೋ ಆಯ್ತು. 2019ರ ನವೆಂಬರ್‌ನಲ್ಲಿ ದೇಶದ ದೊಡ್ಡ ಉದ್ಯಮಿ ಯೋರ್ಗೆನ್ ಫೆನೆಕ್ ಅರೆಸ್ಟ್ ಆದರು (ಆರೋಪವನ್ನು ಅವರು ಒಪ್ಪಿಲ್ಲ). ಜನ ಬೀದಿಗಿಳಿದರು, ಪ್ರಧಾನಿ ಜೋಸೆಫ್ ಮಸ್ಕಾಟ್ ಕುರ್ಚಿ ಬಿಟ್ಟರು. 2021ರಲ್ಲಿ ಮೂವರು ನ್ಯಾಯಾಧೀಶರ ಸಮಿತಿ, ಏನು ಮಾಡಿದರೂ ನಡೆಯುತ್ತೆ ಅನ್ನೋ ವಾತಾವರಣ ಬೆಳೆಯಲು ಬಿಟ್ಟ ಸರ್ಕಾರವೇ ಈ ಸಾವಿನ ಹೊಣೆ ಹೊರಬೇಕು ಎಂದಿತು. 2022ರಲ್ಲಿ ಬಾಂಬ್ ಇಟ್ಟ ಅಣ್ಣತಮ್ಮಂದಿರಿಗೆ ತಲಾ 40 ವರ್ಷ ಜೈಲಾಯ್ತು.

ಆದರೆ ಸ್ಮಾರಕದ ಹೂವಿನ ಕಥೆ ಕೇಳಿ. ಜನ ಹೂವು ಇಡೋದು, ರಾತ್ರೋರಾತ್ರಿ ಸರ್ಕಾರಿ ಕೆಲಸಗಾರರು ಎತ್ತಿಹಾಕೋದು, ಬೆಳಿಗ್ಗೆ ಮತ್ತೆ ಇಡೋದು. ಎರಡು ವರ್ಷಕ್ಕೂ ಹೆಚ್ಚು ಹೀಗೇ ನಡೀತು. ಕೊನೆಗೆ 2020ರ ಜನವರಿಯಲ್ಲಿ ಕೋರ್ಟು, ಹೂವು ತೆಗೆಸೋದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ತೀರ್ಪು ಕೊಟ್ಟ ಮೇಲೆ ನಿಂತಿತು. ಪ್ರತಿ ತಿಂಗಳು 16ರ ಸಂಜೆ ಅಲ್ಲಿ ಜನ ಸೇರುತ್ತಾರೆ.

ಒಂದು ಸಲ ನಾನೂ ಹೋದೆ. ಹಿಂದಿನ ಸಾಲಿನಲ್ಲಿ ನಿಂತು ಮೇಣದಬತ್ತಿ ಹಚ್ಚಿದೆ, ಅಷ್ಟೇ. ಮರುದಿನ ಊಟದ ಹೊತ್ತಿಗೆ ಮ್ಯಾನೇಜರ್ ಫೋನಿನಲ್ಲಿ ಒಂದು ಫೋಟೋ ತೋರಿಸಿ, "ಇದು ನೀವೇ ಅಲ್ವಾ?" ಅಂದರು. ಬೈಯಲಿಲ್ಲ. "ನಮ್ಮ ಕಂಪನಿ ನಡೆಯೋದು ಸರ್ಕಾರದ ಲೈಸೆನ್ಸ್ ಮೇಲೆ. ನಿಮ್ಮ ಪರ್ಮಿಟ್ ನಡೆಯೋದು ನಮ್ಮ ಮೇಲೆ. ನೋಡ್ಕೊಳ್ಳಿ" ಅಂದರು, ತುಂಬಾ ಮೆತ್ತಗೆ.

ಯುರೋಪಿನ ಹೊರಗಿಂದ ಬಂದ ನಮ್ಮಂಥವರ ಪರ್ಮಿಟ್ ಕಂಪನಿಗೇ ಅಂಟಿಕೊಂಡಿರುತ್ತೆ. ಕೆಲಸ ಹೋದರೆ ವಾಪಸ್ ಹೋಗೋ ದಿನ ಎಣಿಸಬೇಕು. ಊರಲ್ಲಿ ಮನೆ ಸಾಲದ ಕಂತು ಕಟ್ಟುತ್ತಿರುವುದು ನಾನು. ಮುಂದಿನ ನಾಲ್ಕು ತಿಂಗಳು 16ನೇ ತಾರೀಖು ಬಂದಾಗೆಲ್ಲ ಆಫೀಸಿಂದ ನೇರ ರೂಮಿಗೆ ಹೋದೆ. ಪಕ್ಕದ ಸೀಟಿನವಳು ಯಾಕೆ ಸುತ್ತ ನೋಡಿದ್ದಳು ಅಂತ ಆಗ ತಿಳೀತು.

ಹೆದರಿಕೊಂಡೇ ಮಾಡಬಹುದಾದ್ದು ಏನಾದ್ರೂ ಇದೆಯಾ ಅಂತ ಹುಡುಕುವಾಗ ಸಿಕ್ಕಿದ್ದು ದಿ ಶಿಫ್ಟ್. ಡಾಫ್ನೆ ಸತ್ತ ಮರುತಿಂಗಳೇ ಶುರುವಾದ ಸಣ್ಣ ಸುದ್ದಿತಾಣ. ಮುಖ್ಯವಾಗಿ ಓದುಗರ ದೇಣಿಗೆ ಮತ್ತು ಪತ್ರಿಕೋದ್ಯಮ ನಿಧಿಗಳ ಮೇಲೆ ನಡೆಯುತ್ತೆ. ಅವರು ಒಂದು ಸಾಮಾನ್ಯ ಪ್ರಶ್ನೆ ಕೇಳಿದ್ದರು: ಒಬ್ಬ ಮಾಧ್ಯಮ ಮಾಲೀಕರಿಗೆ ಯಾವ್ಯಾವ ಸರ್ಕಾರಿ ಸಂಸ್ಥೆ ಎಷ್ಟೆಷ್ಟು ದುಡ್ಡು ಕೊಟ್ಟಿದೆ? ನಮ್ಮ ಆರ್‌ಟಿಐ ಥರದ ಅರ್ಜಿ. ಕೊಡಿ ಅಂತ ಮಾಹಿತಿ ಆಯುಕ್ತರು ಹೇಳಿದರೂ, ಸುಮಾರು 40 ಸರ್ಕಾರಿ ಸಂಸ್ಥೆಗಳು ಒಂದೊಂದಾಗಿ ಮೇಲ್ಮನವಿ ಹಾಕಿದವು. ಬೆರಳೆಣಿಕೆಯ ಜನರಿರುವ ಆಫೀಸಿನ ಮೇಲೆ 40 ಕೇಸು! ಸರ್ಕಾರದ ವಕೀಲರ ಫೀಸು ಕಟ್ಟೋರು ತೆರಿಗೆದಾರರು, ಅದರಲ್ಲಿ ನಾನೂ ಒಬ್ಬಳು. ಇವರ ವಕೀಲರ ಫೀಸಿಗೆ ಓದುಗರ ಮುಂದೆ ಕೈಚಾಚಬೇಕಾಯ್ತು. ಆಮೇಲೆ ಒಂದೊಂದೇ ಕೇಸು ಗೆಲ್ಲುತ್ತಾ ಬಂದರು.

2024ರಲ್ಲಿ ಯುರೋಪಿಯನ್ ಒಕ್ಕೂಟ ಇಂಥ ಸುಸ್ತು ಮಾಡೋ ಮೊಕದ್ದಮೆಗಳ ವಿರುದ್ಧ ನಿಯಮ ತಂದಿದೆ, ಅದನ್ನು ಡಾಫ್ನೆ ಕಾನೂನು ಅಂತಾನೇ ಕರೀತಾರೆ. ಆದರೆ ಅದು ಗಡಿದಾಟಿದ ವ್ಯಾಜ್ಯಗಳಿಗೆ ಮಾತ್ರ. ಪಕ್ಕದ ಬೀದಿಯ ಮಂತ್ರಿ ಪಕ್ಕದ ಬೀದಿಯ ಪತ್ರಕರ್ತೆ ಮೇಲೆ ಹಾಕೋ ಕೇಸಿಗೆ ಅದರಿಂದ ಏನು ಬಂತು?

ಹಾಗಾಗಿ ತಿಂಗಳಿಗೆ 5 ಯೂರೋ ಕೊಡ್ತಿದೀನಿ. ಎರಡು ಕಾಫಿ ದುಡ್ಡು. ಇದರಿಂದ ಏನೋ ಸಾಧಿಸಿದೆ ಅನ್ನೋ ಭ್ರಮೆ ಇಲ್ಲ.

ಹೋದ ವಾರ ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಅವರು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, ಲಂಕೇಶ್ ಪತ್ರಿಕೆಯ ಕಾಯಂ ಓದುಗರು. ಜಾಹೀರಾತೇ ಇಲ್ಲದೆ, ಓದುಗರು ಕೊಟ್ಟ ಚಿಲ್ಲರೆಯ ಮೇಲೆ ನಡೆದ ಪತ್ರಿಕೆ ಅದು.

"ನಾನೂ ಕೊಳ್ತಿದ್ದೆ ಕಣಮ್ಮ ಪ್ರತಿ ವಾರ" ಅಂದರು. "ಆದ್ರೆ ಆಫೀಸಿಗೆ ಒಯ್ಯುವಾಗ ಬೇರೆ ಪೇಪರಿನೊಳಗೆ ಮಡಚಿ ಇಟ್ಕೊಂಡು ಹೋಗ್ತಿದ್ದೆ. ಸಾಹೇಬರು ನೋಡಬಾರದು ಅಂತ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ದುಡ್ಡು ಕೊಟ್ಟೋರ ಹೆಸರು ಎಲ್ಲಾದ್ರೂ ಹಾಕ್ತಾರಾ?"

"ಇಲ್ಲಪ್ಪ."

"ಸರಿ ಹಾಗಾದ್ರೆ. ನಿಲ್ಲಿಸಬೇಡ."

ಈ ಸಲ 16ನೇ ತಾರೀಖು ಗುರುವಾರ ಬರುತ್ತೆ. ಪಕ್ಕದ ಸೀಟಿನವಳು ನಿನ್ನೆ ಕೇಳಿದಳು, "ಫೆರ್ರಿಗೆ ಎಷ್ಟು ಗಂಟೆಗೆ ಹೊರಡೋಣ?" ಈ ಸಲ ಅವಳು ಸುತ್ತ ನೋಡಲಿಲ್ಲ. ನೋಡಿದ್ದು ನಾನು.